ಇಟ್ಟಿಗೆ ಸಂದಿಗೆ ತುರುಕಿದ ಸೀರೆ

ಬಾವಲಿ ಅಂದರೆ ನನಗೆ ಕಣ್ಣಿಗಿಂತ ಮೊದಲು ಮೂಗಿಗೆ ನೆನಪಾಗುತ್ತದೆ. ಗದಗಿನ ಕಡೆ ನಮ್ಮ ಅಜ್ಜಿಯ ಊರಿನ ಹೊರಗೆ ಪೂಜೆ ನಿಂತುಹೋದ ಒಂದು ಕಲ್ಲಿನ ಗುಡಿ ಇತ್ತು. ಕಂಬಗಳು ಮುಖ ಕಾಣುವಷ್ಟು ನುಣುಪು. ಆದರೆ ಒಳಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಬಾವಲಿ ಹಿಕ್ಕೆಯ ಆ ನಾತವನ್ನು ಹೇಗೆಂದು ಹೇಳಲಿ? ಹಳಸಿದ ಮಜ್ಜಿಗೆಯನ್ನು ಗೋಣಿಚೀಲದ ಮೇಲೆ ಸುರುವಿ, ಆ ಚೀಲವನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ ಬಿಟ್ಟ ಹಾಗೆ. ಅಜ್ಜಿ ಗರ್ಭಗುಡಿಯ ಹೊಸ್ತಿಲಲ್ಲೇ ನಿಂತು ಕೈಮುಗಿದು, "ದೇವರು ಇದರಾಗ ಹ್ಯಾಂಗ ಕುಂತಾನೋ ಏನೋ, ಪಾಪ" ಎಂದು ಸೆರಗಿನಿಂದ ಮೂಗು ಒತ್ತಿಕೊಂಡು ಹೊರಗೆ ಬರುತ್ತಿದ್ದಳು. ನಾನು ಮಾತು ಕಲಿತದ್ದು ಅವಳ ಬಾಯಿಂದ. ಹೇಸುವುದನ್ನು ಕಲಿತದ್ದೂ ಅವಳಿಂದಲೇ.

ಇಂಥ ನನಗೆ ಡಚ್ಚರ ದೇಶದ ವಾಗೆನಿಂಗನ್‌ನಲ್ಲಿ ಸಿಕ್ಕ ಬಾಡಿಗೆ ಮನೆ ಎಂಥದ್ದು ಅಂತೀರಿ, ಗೋಡೆಯೊಳಗೇ ಬಾವಲಿ ಇದ್ದದ್ದು.

೨೦೧೧ರ ಮಾತು. ನನ್ನ ಗಂಡ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನಲ್ಲಿ ಕೊನೆಯದು ನಮ್ಮದು. ಪಕ್ಕದಲ್ಲಿ ನಿವೃತ್ತಿಯಾದ ಒಬ್ಬ ಶಾಲಾ ಟೀಚರು. ನೆರೆಯವಳನ್ನು ಆ ದೇಶದಲ್ಲಿ ಬ್ಯೂರ್‌ಫ್ರೌ ಎಂದು ಕರೆಯುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಒಳ್ಳೆಯ ಹೆಂಗಸು. ನಾವು ಬಂದ ವಾರವೇ ಸೈಕಲ್ಲಿಗೆ ಗಾಳಿ ಹಾಕುವ ಪಂಪು ಕೊಟ್ಟು, ಕಸದ ಡಬ್ಬಿ ಯಾವ ವಾರ ಯಾವುದು ಹೊರಗಿಡಬೇಕೆಂದು ಬರೆದುಕೊಟ್ಟವಳು. ಆದರೆ ಅವಳಿಗೊಂದು ಹುಚ್ಚು. ಬಾವಲಿಗಳಿಗೆ ಜನರಲ್ಲಿ ಕೆಟ್ಟ ಹೆಸರು ಬಂದುಬಿಟ್ಟಿದೆ, ಅದನ್ನು ತಾನು ತೊಳೆಯಬೇಕು ಎಂಬ ಹುಚ್ಚು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳುತ್ತಿದ್ದಳು, ಗ್ರಂಥಾಲಯದಲ್ಲಿ ದೊಡ್ಡವರಿಗೆ ಹೇಳುತ್ತಿದ್ದಳು. ಬೀದಿಯ ಕಡೆಯ ಕಿಟಕಿಗೆ ಒಂದು ಬಾವಲಿಯ ಮುಖವನ್ನು ತಲೆದಿಂಬಿನಷ್ಟು ದೊಡ್ಡದು ಮಾಡಿ ಅಂಟಿಸಿದ್ದಳು. ಸುಕ್ಕು ಮೂತಿ, ಸೂಜಿಯಂಥ ಹಲ್ಲು, ಒಳಗಿನ ನರವೆಲ್ಲ ಕಾಣುವ ಕಿವಿ.

"ಮುದ್ದಾಗಿಲ್ಲವಾ?" ಎಂದು ಕೇಳಿದಳು.

"ಹೂಂ" ಎಂದೆ. ಆಮೇಲೆ ಅಂಗಡಿಗೆ ಹೋಗುವಾಗ ಆ ಕಿಟಕಿ ಬಂದರೆ ಆಚೆ ಬದಿಯ ಕಾಲುದಾರಿಗೆ ದಾಟಿಬಿಡುತ್ತಿದ್ದೆ.

ಮೇ ತಿಂಗಳು, ನಾನು ಆಗ ಎಂಟು ತಿಂಗಳ ಬಸುರಿ. ಒಂದು ದಿನ ಮಲಗುವ ಕೋಣೆಯ ಕಿಟಕಿಯ ಹೊರಗಟ್ಟೆಯ ಮೇಲೆ ಕರಿ ಜೀರಿಗೆ ಚೆಲ್ಲಿದ ಹಾಗೆ ಏನೋ ಬಿದ್ದಿತ್ತು. ಇಲಿಯದ್ದೇನೋ ಎಂದು ಬ್ಯೂರ್‌ಫ್ರೌಳನ್ನು ಕರೆದು ತೋರಿಸಿದೆ. ಅವಳ ಮುಖ ಅರಳಿತು ನೋಡಿ! ಹಬ್ಬದ ದಿನ ಬಾಗಿಲಿಗೆ ನೆಂಟರು ಬಂದ ಹಾಗೆ. ಒಂದು ಕಾಳನ್ನು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಅದು ಪುಡಿಯಾಯಿತು.

"ನೋಡು, ಮಿಂಚುತ್ತಿದೆ. ಇದೆಲ್ಲ ಸೊಳ್ಳೆಯ ರೆಕ್ಕೆ. ಇಲಿಯದ್ದಾದರೆ ಹೀಗೆ ಪುಡಿಯಾಗುವುದಿಲ್ಲ."

ಅವಳು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಳು. ಕೆಳಗೆ ಅಡುಗೆಮನೆಗೆ ಬಂದು, ನನ್ನದೇ ಡಬ್ಬಿಯಿಂದ ಅದೇ ಬೆರಳುಗಳಿಂದ ಬಿಸ್ಕತ್ತು ತೆಗೆದು, ಒಂದು ತಾನು ಕಚ್ಚಿ ಒಂದನ್ನು ನನ್ನ ಕೈಗಿಟ್ಟಳು. ಅವಳು ಹೋದ ಮೇಲೆ ಡಬ್ಬಿಯನ್ನೇ ಕಸಕ್ಕೆ ಹಾಕಿದೆ.

ಹೋಗುವ ಮುಂಚೆ ಅವಳು ನನ್ನನ್ನು ಹಿತ್ತಲಿಗೆ ಕರೆದು ಗೋಡೆ ತೋರಿಸಿದಳು. ಅಲ್ಲಿಯ ಮನೆಗಳಿಗೆ ಎರಡು ಪದರದ ಗೋಡೆ, ನಡುವೆ ಒಂದು ಗೇಣಿಗಿಂತ ಕಡಿಮೆ ಪೊಳ್ಳು. ಗಾಳಿಯಾಡಲೆಂದು ಹೊರಗಿನ ಇಟ್ಟಿಗೆಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಸಂದಿಗೆ ಸಿಮೆಂಟು ತುಂಬದೆ ಬಿಟ್ಟಿರುತ್ತಾರೆ. ಒಂದು ಬೆರಳು ಹೋಗುವಷ್ಟು ಜಾಗ. ನಮ್ಮ ಕಿಟಕಿಯ ಮೇಲೆ ಅಂಥವು ನಾಲ್ಕು. "ಮೇ ತಿಂಗಳಲ್ಲಿ ಬಸುರಿಯರೆಲ್ಲ ಒಟ್ಟಿಗೆ ಇಲ್ಲಿಗೆ ಬರುತ್ತಾರೆ. ಜೂನಿನಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಮರಿ. ಆಗಸ್ಟಿಗೆ ಹೊರಟುಹೋಗುತ್ತಾರೆ. ನಿನ್ನ ಜೊತೆಗಾರ್ತಿಯರು!" ಎಂದು ನನ್ನ ಹೊಟ್ಟೆ ನೋಡಿ ನಕ್ಕಳು. ಅದೊಂದು ಮಾತಿಗೆ ನಾನು ಎಷ್ಟು ದಿನ ಉರಿದೆನೋ. ನನ್ನ ಕೂಸೆಲ್ಲಿ, ಆ ಹೊಲಸು ಎಲ್ಲಿ. ಗಂಡ ಅವತ್ತು ಲ್ಯಾಬಿನಲ್ಲಿದ್ದ. ನಾನು ಅವನಿಗೆ ಹೇಳಲಿಲ್ಲ. ಹೇಳಲಿಕ್ಕೂ ಅಸಹ್ಯ.

ಹೆರಿಗೆಯ ಹೊತ್ತಿಗೆ ಅವ್ವ ಬಂದಳು. ಪೆಟ್ಟಿಗೆ ತುಂಬ ಅಂಟು, ಅಜವಾನ, ಲೋಬಾನ, ಕೂಸಿಗೆಂದು ತೊಳೆದು ತೊಳೆದು ಹೂವಿನಂತಾದ ಹಳೆಯ ಸೀರೆಗಳು. ಮಗಳು ಹುಟ್ಟಿದಳು. ಅಲ್ಲಿಯ ಪದ್ಧತಿಯಂತೆ ಎಂಟು ದಿನ ಮನೆಗೇ ಒಬ್ಬ ದಾದಿ ಬಂದಳು. ಅವಳಿಗೂ ಅವ್ವನಿಗೂ ಒಂದಕ್ಷರ ಸಮಾನ ಭಾಷೆ ಇರಲಿಲ್ಲ, ಆದರೂ ಇಬ್ಬರೂ ಎಂಟು ದಿನ ಜಗಳವಾಡಿದರು. ಅವಳು ಬಂದವಳೇ ಕಿಟಕಿ ತೆಗೆಯುವಳು. ಅವ್ವ ಮುಚ್ಚುವಳು. ಅವಳು ನೀರು ಕಾಯಿಸಲು ಕೆಳಗಿಳಿದರೆ ಅವ್ವ ಕಿಟಕಿಯ ಸುತ್ತ ಅರಿವೆ ತುರುಕುವಳು. "ಬಾಣಂತಿ ಕ್ವಾಣ್ಯಾಗ ಗಾಳಿ ಬಿಡತಾಳ, ಇಕಿಗೆ ಯಾರೂ ಹಿರೇರಿಲ್ಲೇನ?" ಎಂದು ಅವಳೆದುರೇ ಹೇಳುವಳು. ಅವಳು "ಯಾ, ಯಾ" ಎಂದು ನಕ್ಕು ಮತ್ತೆ ಕಿಟಕಿ ತೆಗೆಯುವಳು.

ದಾದಿ ಹೋದ ಮರುದಿನ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಥಂಡಿ ಎಲ್ಲಿಂದ ಬರುತ್ತದೆಂದು ಮನೆಗೆ ಒಂದು ಸುತ್ತು ಹಾಕಿದಳು. ಹಿತ್ತಲಿನಿಂದ ಕೂಗಿದಳು.

"ಅಳಿಯಂದ್ರ, ಬರ್ರಿ ಇಲ್ಲೆ. ನೋಡ್ರಿ ಈ ಗೌಂಡಿ ಮಾಡಿದ್ದು! ಇಟ್ಟಂಗಿ ನಡುವ ಸಿಮೆಂಟ ತುಂಬೂದ ಮರತಾನ. ಒಂದಲ್ಲ, ನಾಕು! ಎಲ್ಲಾ ಊರಾಗೂ ಗೌಂಡಿಗೋಳು ಒಂದ ಜಾತಿ."

ಗಂಡ ಮೈಸೂರಿನವನು, ಅತ್ತೆಯ ಮುಂದೆ ಎರಡು ಮಾತಿಗಿಂತ ಹೆಚ್ಚು ಆಡುವವನಲ್ಲ. "ಅತ್ತೆ, ಇದು ರೆಂಟೆಡ್ ಹೌಸು. ಓನರ್‌ನ ಒಂದ್ ಮಾತು ಕೇಳ್ಬಿಟ್ಟು ಆಮೇಲೆ..."

"ಕೇಳ್ರಿ, ಯಾರ ಬ್ಯಾಡಂದ್ರು? ನೀವು ಕೇಳೂತನಕ ನನ್ನ ಮಗಳ ಮೈಗೆ ಥಂಡಿ ಹೊಕ್ಕೊಂಡಿರಲಿ."

"ಇಲ್ಲ ಇಲ್ಲ ಅತ್ತೆ, ಏಣಿ ತರ್ತೀನಿ."

ಅವ್ವ ಮೇಲೆ ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಒಂದು ಹಳೆಯ ನೀಲಿ ಸೀರೆಯನ್ನು ಪರ್ ಎಂದು ಹರಿದಳು. ತೊಡೆಯ ಮೇಲೆ ಅರಿವೆ ಹೊಸೆಯತೊಡಗಿದಳು, ದೇವರ ದೀಪಕ್ಕೆ ಬತ್ತಿ ಹೊಸೆದ ಹಾಗೆ. ಬೆರಳಿನ ದಪ್ಪ, ಗೇಣುದ್ದ, ನಾಲ್ಕು. ಹೊಸೆಯುತ್ತಲೇ ಕೇಳಿದಳು.

"ಬೇಕಂತ ಬಿಟ್ಟಿರಂಗಿಲ್ಲಲಾ? ನಿನಗೇನಾರ ಗೊತ್ತೈತೇನ, ಅವನ್ನ ಯಾಕ ಹಂಗ ಬಿಟ್ಟಾರಂತ?"

ನಾನು ಕೂಸಿನ ಟೊಪ್ಪಿಗೆ ಸರಿಮಾಡುತ್ತ, "ನನಗೇನ ಗೊತ್ತವ್ವ" ಎಂದೆ.

ಗಂಡ ಏಣಿ ಹತ್ತಿ, ಚಮಚದ ಹಿಡಿಯಿಂದ ಆ ಬತ್ತಿಗಳನ್ನು ಒಳಗೆ ಒತ್ತಿದ. ಬ್ಯೂರ್‌ಫ್ರೌ ಅವತ್ತು ಊರಲ್ಲಿ ಇರಲಿಲ್ಲ, ಗ್ರೋನಿಂಗನ್‌ನ ತಂಗಿಯ ಮನೆಗೆ ಹೋಗಿದ್ದಳು. ಅದೂ ನನಗೆ ಗೊತ್ತಿತ್ತು.

ಆ ರಾತ್ರಿ ನನ್ನ ತಲೆಯ ಹತ್ತಿರದ ಗೋಡೆಯೊಳಗಿಂದ ಗೀರುವ ಸದ್ದು ಬಂತು. ಒಣಗಿದ ಎಲೆಗಳನ್ನು ಯಾರೋ ಉಗುರಿನಿಂದ ಕೆದಕಿದ ಹಾಗೆ. ನಡುನಡುವೆ ಚಿರ್ ಚಿರ್. "ಇಲಿ" ಎಂದೆ ಅವ್ವನಿಗೆ. ಅವ್ವ ನಂಬಿ ನಿದ್ದೆ ಹೋದಳು. ನಾನು ಕೂಸಿಗೆ ಹಾಲು ಕೊಡುತ್ತ ಆ ಸದ್ದನ್ನು ಕೇಳುತ್ತ ಕೂತಿದ್ದೆ. ಒಳಗೆ ಏನು ನಡೆದಿದೆಯೆಂದು ತಿಳಿದಿತ್ತು. ಸಾಯಲಿ, ಪೀಡೆ ಕಳೆಯಲಿ ಎಂದೇ ಅಂದುಕೊಂಡೆ. ಈಗ ಬರೆಯುವಾಗ ನಾಲಿಗೆ ಕಹಿಯಾಗುತ್ತದೆ. ಆಗ ಆಗಲಿಲ್ಲ.

ಮರುದಿನ ಸಂಜೆ. ಜೂನಿನಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಹತ್ತು ಗಂಟೆಗೆ. ಅವ್ವ ಗಡಿಯಾರ ನೋಡಿ ಏಳಕ್ಕೇ ದೀಪ ಹಚ್ಚಿ ಮುಗಿಸಿದ್ದಳು. ಹತ್ತೂವರೆಯಾದರೂ ಆಕಾಶದಲ್ಲಿ ಇನ್ನೂ ಬೆಳಕು. ರೇಡಿಯೇಟರಿನ ಕೊಳವೆ ಗೋಡೆಯಿಂದ ಹೊರಬರುವಲ್ಲಿ ಒಂದು ತೂತಿತ್ತು, ಅವ್ವನ ಕಣ್ಣು ತಪ್ಪಿಸಿಕೊಂಡದ್ದು ಅದೊಂದೇ. ಅಲ್ಲಿಂದ ಏನೋ ಕಂದು ಬಣ್ಣದ್ದು ಹೊರಗೆ ಬಂತು. ತವೆಯ ಮೇಲೆ ಸೀದುಹೋದ ಹಪ್ಪಳದ ಚೂರಿನ ಹಾಗೆ. ಆ ಚೂರು ಮೊಣಕೈ ಊರಿಕೊಂಡು, ಕುಂಟುತ್ತ ಗೋಡೆಯ ಮೇಲೆ ತೆವಳಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಹಾರಲೂ ತ್ರಾಣವಿಲ್ಲ. ಒಂದು ಮಾತ್ರ ಹಾರಿ, ದೀಪಕ್ಕೆ ಬಡಿದು, ಕೂಸಿನ ತೊಟ್ಟಿಲಿಗೆ ಹೊದಿಸಿದ್ದ ಬಟ್ಟೆಯ ಮೇಲೆ ಬಿತ್ತು.

ನಾನು ಚೀರಿದೆ. ಅವ್ವ ಚೀರಲಿಲ್ಲ. ಬಟ್ಟೆಯನ್ನೇ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿದಂತೆ ಎತ್ತಿ, ಗಂಡನ ಕೈಗೆ ತುರುಕಿ, ಕೂಸನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿದಳು. ಗಂಡ ಒಂದು ಕೈಯಲ್ಲಿ ಆ ಗಂಟು, ಇನ್ನೊಂದರಲ್ಲಿ ಬ್ಯಾಡ್ಮಿಂಟನ್ ರಾಕೆಟ್ಟು ಹಿಡಿದು ಕೋಣೆಯ ನಡುವೆ ನಿಂತಿದ್ದಾಗ ಕೆಳಗೆ ಗಂಟೆ ಬಾರಿಸಿತು. ಇಬ್ಬರೂ ಇಳಿದು ಬಾಗಿಲು ತೆಗೆದರೆ ಬ್ಯೂರ್‌ಫ್ರೌ. ಊರಿಂದ ಬಂದವಳೇ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಪ್ರತಿವರ್ಷದಂತೆ, ಹೊರಗೆ ಬರುವ ಬಾವಲಿಗಳನ್ನು ಎಣಿಸಲು ಕೂತಿದ್ದಳಂತೆ.

"ಒಂದೂ ಬರಲಿಲ್ಲ" ಎಂದಳು. "ಹೋದ ವಾರ ನೂರರ ಮೇಲಿತ್ತು. ನೀವು ಏನಾದರೂ ಮುಚ್ಚಿದಿರಾ?"

ಗಂಡ ರಾಕೆಟ್ಟು ಕೆಳಗಿಟ್ಟ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವ್ವನಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಆದರೆ ಗೋಡೆಯ ಕಡೆ ಕೈಮಾಡಿ ಕೇಳಿದ್ದು ತಿಳಿಯಿತು. ಹೆಮ್ಮೆಯಿಂದಲೇ ಎದೆ ಮುಟ್ಟಿಕೊಂಡು, "ನಾನ, ನಾನ ಮುಚ್ಚಿಸೇನಿ" ಎಂದಳು.

ಬ್ಯೂರ್‌ಫ್ರೌ ನಮ್ಮೊಡನೆ ಮೇಲೆ ಬಂದು, ಕೈಗವಸು ಹಾಕಿಕೊಂಡು, ಗಂಟಿನೊಳಗಿದ್ದದ್ದನ್ನೂ ಕೋಣೆಯಲ್ಲಿದ್ದವನ್ನೂ ಹೆಕ್ಕಿ ಒಂದು ಬೂಟಿನ ಡಬ್ಬಿಗೆ ಹಾಕಿಕೊಂಡಳು. ಗಂಡನಿಗೆ ಡಚ್ಚಿನಲ್ಲಿ ಸರಸರ ಏನೋ ಹೇಳಿದಳು. ಅವನ ಮುಖ ಬಿಳಿಚಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಲೀಗಲೀ ಪ್ರೊಟೆಕ್ಟೆಡ್ ಕಣೇ. ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಮ್ಮ ಪರ್ಮಿಟ್ಟು ಏನಾಗುತ್ತೆ? ಅತ್ತೆಗೆ ಗೊತ್ತಿರ್ಲಿಲ್ಲ ಅಂತೀನಿ. ನಿಜ ತಾನೇ? ಅವರಿಗೆ ಗೊತ್ತಿರ್ಲಿಲ್ಲ" ಎಂದ.

"ಏನಂತಾಳ್ರಿ ಆಕಿ?" ಎಂದಳು ಅವ್ವ.

"ಅತ್ತೆ, ಆ ಗೋಡೆ ಒಳಗೆ ಬಾವಲಿಗಳಿವೆ. ಮರಿ ಹಾಕಿವೆಯಂತೆ. ನಾವು ಮುಚ್ಚಿಬಿಟ್ವಿ, ತಾಯಂದಿರು ಹೊರಗೆ ಹೋಗಿ ತಿಂದು ಬರ್ದಿದ್ರೆ ಹಾಲಿರಲ್ವಂತೆ."

ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟಳು. "ಹಡದಾವಂತ?" ಎಂದು ಒಮ್ಮೆ, ತನಗೆ ತಾನೇ ಎಂಬಂತೆ. ಅಡುಗೆಮನೆಯ ಇಕ್ಕಳ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಗಂಡ ಏಣಿಗೆ ಕಾಲಿಟ್ಟರೆ, "ನೀವು ಹಿಡಕೊಂಡು ನಿಂದರ್ರಿ. ಹೊಸೆದಾಕಿ ನಾ, ತಗಿಯಾಕಿನೂ ನಾನ" ಎಂದಳು.

ನಾನು ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅರವತ್ತೆರಡರ ಹೆಂಗಸು ಸೀರೆಯುಟ್ಟು ಏಣಿಯ ಮೇಲೆ. ಕೆಳಗೆ ಬ್ಯೂರ್‌ಫ್ರೌ ಬ್ಯಾಟರಿ ಹಿಡಿದಿದ್ದಳು. ಮೊದಲ ಎರಡು ಬತ್ತಿ ಸುಲಭವಾಗಿ ಬಂದವು. ಮೂರನೆಯದನ್ನು ಎಳೆದಾಗ ಅದರ ತುದಿಗೆ ಏನೋ ನೇತಾಡುತ್ತಿತ್ತು. ಕೂದಲಿಲ್ಲದ, ನಸುಗೆಂಪು, ಕಡಲೆಬೀಜದಷ್ಟು ಮೈ. ಉಗುರು ಸೀರೆಯ ನೂಲಿಗೆ ಸಿಕ್ಕಿಕೊಂಡಿತ್ತು. ಸತ್ತಿತ್ತು. ಅವ್ವನಿಗೆ ಓಕರಿಕೆ ಬಂತು. ಏಣಿಯ ಮೇಲೇ ಬಾಗಿ ವ್ಯಾಕ್ ಎಂದಳು. "ಹೇಸಿ, ಹೇಸಿ, ಹೇಸಿ" ಎನ್ನುತ್ತ ಸೆರಗಿನಿಂದ ಬಾಯೊರೆಸಿಕೊಂಡು ನಾಲ್ಕನೆಯದಕ್ಕೆ ಇಕ್ಕಳ ಹಾಕಿದಳು.

ಅದು ಕಿತ್ತು ಬಂದದ್ದೇ ತಡ, ಸಂದಿಯಿಂದ ಅವು ಹೊರಬೀಳತೊಡಗಿದವು. ಒಂದರ ಹಿಂದೊಂದು, ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿ. ಒಂದು ಅವಳ ತುರುಬಿಗೆ ತಾಕಿ ಹೋಯಿತು. "ಓಮಾ, ಅಲುಗಾಡಬೇಡ!" ಎಂದು ಕೂಗಿದಳು ಬ್ಯೂರ್‌ಫ್ರೌ. ಓಮಾ ಅಂದರೆ ಅಜ್ಜಿ. ಅವ್ವ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಹುಳಿ ಹಿಂಡಿದಂತೆ ಮಾಡಿಕೊಂಡು, ಗೋಡೆಗೆ ಅಂಟಿ ನಿಂತೇ ಇದ್ದಳು.

ಕೂಸನ್ನು ಅದೇ ರಾತ್ರಿ ಡಾಕ್ಟರಿಗೆ ತೋರಿಸಿದೆವು. ಎಲ್ಲೂ ಕಚ್ಚಿರಲಿಲ್ಲ, ಪರಚಿರಲಿಲ್ಲ. ಬ್ಯೂರ್‌ಫ್ರೌ ದೂರು ಕೊಡಲಿಲ್ಲ. "ಓಮಾಗೆ ಹೇಗೆ ಗೊತ್ತಾಗಬೇಕು?" ಎಂದು ಅವ್ವನ ಬೆನ್ನು ಸವರಿದಳು. ಗಂಡ ಮೂರು ಸಲ ಹೌದೆಂದ. ನಾನು ಬಾಯಿ ತೆಗೆಯಲಿಲ್ಲ.

ಮೂರನೆಯ ದಿನದಿಂದ ನಾತ ಶುರುವಾಯಿತು. ಒಳಗೆ ಕೆಳಗೆ ಬಿದ್ದ ಮರಿಗಳು ಗೋಡೆಯ ಬುಡದಲ್ಲಿ ಕೊಳೆಯುತ್ತಿದ್ದವು. ಅಲ್ಲಿಗೆ ಯಾರ ಕೈಯೂ ಹೋಗುವಂತಿರಲಿಲ್ಲ. ಲೋಬಾನದ ಹೊಗೆ ಹಾಕಿದರೆ ಹೊಗೆಯೇ ಹೆಣದ ವಾಸನೆ ಹೊಡೆಯಿತು, ಮೇಲೆ ಸ್ಮೋಕ್ ಅಲಾರ್ಮ್ ಬಡಿದುಕೊಂಡಿತು. ಕೊಳವೆಯ ತೂತಿನಿಂದ ಹಸಿರು ನೊಣ ಬಂದು ನನ್ನ ಅಂಟಿನುಂಡೆಯ ಮೇಲೆ ಕೂತವು. ಹಾಲು ಕುಡಿಸುವಾಗ ಕೂಸಿನ ನೆತ್ತಿ ಮೂಸಿದರೆ ಎಣ್ಣೆಯ ವಾಸನೆಯ ಕೆಳಗೆ ಅದೇ ನಾತ. ಅಜ್ಜಿಯ ಊರಿನ ಗುಡಿಯ ವಾಸನೆ ಇದರ ಮುಂದೆ ಧೂಪ. ತಿಂಗಳು ಪೂರ್ತಿ ಹಾಗೇ ಇದ್ದೆವು. ಅವ್ವ ದಿನಾ ಆ ಕೋಣೆ ಒರೆಸುತ್ತ, "ನನ್ನ ಕೈಲೆ ಆತು, ನನ್ನ ಕೈಲೆ ಆತು" ಎನ್ನುತ್ತಿದ್ದಳು. ಊರಿಗೆ ಹೋಗುವ ಮುನ್ನ ಹಿತ್ತಲಲ್ಲಿ ನಿಂತು ಗೋಡೆಗೆ ಕೈಮುಗಿದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ಬೇಸಿಗೆಗೆ ಬೆರಳಲ್ಲಿ ಎಣಿಸುವಷ್ಟು ಬಾವಲಿ ಮಾತ್ರ ಮರಳಿದವು. ಅದೇ ಜೂನಿನಲ್ಲಿ ಬ್ಯೂರ್‌ಫ್ರೌ ಗ್ರಂಥಾಲಯದಲ್ಲಿ ಮಾತಾಡುವವಳಿದ್ದಳು. ನಮ್ಮ ಬೀದಿಯ ಎಷ್ಟೋ ಮನೆಯವರು ಚಳಿಗಾಲದ ಗ್ಯಾಸ್ ಬಿಲ್ಲು ಇಳಿಯಲೆಂದು ಗೋಡೆಯ ಪೊಳ್ಳಿಗೆ, ಒಣಗಿ ಗಟ್ಟಿಯಾಗಿ ಚಳಿ ತಡೆಯುವ ನೊರೆ ತುಂಬಿಸುವ ಯೋಚನೆಯಲ್ಲಿದ್ದರು. ಮೊದಲು ಬಾವಲಿ ಇದೆಯೇ ನೋಡಿ ಎಂದು ಹೇಳುವುದು ಅವಳ ಉದ್ದೇಶ. ನನ್ನನ್ನೂ ಕರೆದಳು. ಪರದೆಯ ಮೇಲೆ ಸುಕ್ಕು ಮೂತಿಯ ಚಿತ್ರಗಳು ಬಂದವು. "ಮುದ್ದಾಗಿಲ್ಲವಾ?" ಎಂದಳು. ಜನ ಮರ್ಯಾದೆಗೆ ನಕ್ಕರು. ಹಿಂದಿನ ಸಾಲಿನವರು ಕಾಫಿಯ ಕಡೆ ನೋಡುತ್ತಿದ್ದರು. ಆಗ ಅವಳು ಅವ್ವನ ಕಥೆ ತೆಗೆದಳು. ದೂರದ ಇಂಡಿಯಾದಿಂದ ಬಂದ ಓಮಾ, ಇಟ್ಟಿಗೆಯ ಸಂದಿ ನೋಡಿ ಮೇಸ್ತ್ರಿ ಮರೆತಿದ್ದಾನೆ ಎಂದುಕೊಂಡದ್ದು, ಸೀರೆ ಹರಿದು ತುರುಕಿಸಿದ್ದು, ಏಣಿ ಹತ್ತಿದ್ದು. ಪ್ರೀತಿಯಿಂದಲೇ ಹೇಳಿದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬ ಕಣ್ಣೊರೆಸಿಕೊಂಡ.

ನನಗೆ ಮೈಯೆಲ್ಲ ಅಂಟಂಟಾದಂತಾಯಿತು. ಅವ್ವ ಏನೂ ಅರಿಯದ ಹಳ್ಳಿಯ ಮುದುಕಿಯಾಗಿ ಆ ಪರದೆಯ ಮುಂದೆ ನಿಂತಿದ್ದಳು. ನಾನು ಎರಡನೆಯ ಸಾಲಿನಲ್ಲಿ ಕೂತು ನಗುತ್ತಿದ್ದೆ. ಹೌದು, ನಾನೂ ನಗುತ್ತಿದ್ದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಎದ್ದು ನಿಂತೆ. ನನ್ನ ಡಚ್ಚು ಹರಕುಮುರುಕು, ಅದರಲ್ಲೇ ಹೇಳಿದೆ.

"ನನ್ನ ತಾಯಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬ್ಯೂರ್‌ಫ್ರೌ ನನಗೆ ತೋರಿಸಿದ್ದಳು. ತಾಯಿ ಕೇಳಿದಾಗ ಗೊತ್ತಿಲ್ಲ ಎಂದೆ. ನನಗೆ ಬಾವಲಿ ಕಂಡರೆ ಹೇಸಿಗೆ. ಈಗಲೂ ಹೇಸಿಗೆ. ರಾತ್ರಿಯಿಡೀ ಅವು ಒಳಗೆ ಗೀರುವುದನ್ನು ಕೇಳುತ್ತ ಕೂತಿದ್ದೆ. ಮರಿಗಳು ಗೋಡೆಯಲ್ಲಿ ಕೊಳೆತವು."

ನಗು ನಿಂತಿತು. ಬ್ಯೂರ್‌ಫ್ರೌ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. "ಇದನ್ನು ಹೋದ ವರ್ಷವೇ ಹೇಳಬೇಕಿತ್ತು" ಎಂದಳು. ಆಮೇಲೆ ಮುಂದಿನ ಚಿತ್ರ ಹಾಕಿದಳು, ಆದರೆ ಏನು ಹೇಳಬೇಕೆಂದು ಅವಳಿಗೆ ಮರೆತುಹೋಗಿತ್ತು.

ಹೊರಡುವಾಗ ನಮ್ಮ ಬೀದಿಯ ಮೂಲೆಮನೆಯ ಗಂಡಸು ನನ್ನ ಹತ್ತಿರ ಬಂದ. ಗೋಡೆಗೆ ನೊರೆ ತುಂಬಿಸಲು ಆಗಲೇ ದಿನ ಗೊತ್ತುಮಾಡಿದ್ದವನು. "ಆ ವಾಸನೆ ಎಷ್ಟು ದಿನ ಇತ್ತು?" ಎಂದು ಕೇಳಿದ.

"ಒಂದು ತಿಂಗಳು. ಮಳೆ ಬಂದ ದಿನ ಇನ್ನೂ ಜಾಸ್ತಿ."

"ಊಟದ ಕೋಣೆಗೂ?"

"ಬಾಯಿಗೂ" ಎಂದೆ.

ಅವನು ಮೂಗು ಹಿಂಡಿಕೊಂಡು, ಬ್ಯೂರ್‌ಫ್ರೌಳ ಹತ್ತಿರ ಹೋಗಿ, ಗೋಡೆ ನೋಡಲು ಯಾವಾಗ ಬರುತ್ತೀಯ ಎಂದು ಕೇಳಿದ. ಮುದ್ದು ಮುಖದ ಚಿತ್ರಗಳಿಗೆ ಕದಲದವನು ನಾತಕ್ಕೆ ಕದಲಿದ್ದ. ಅವಳಿಗೆ ಅದು ಇಷ್ಟವಾಗಲಿಲ್ಲ, ಮುಖದಲ್ಲೇ ಕಂಡಿತು. ಆದರೂ ಡೈರಿ ತೆಗೆದು ದಿನ ಬರೆದುಕೊಂಡಳು. ನನ್ನ ಜೊತೆ ಮನೆಯವರೆಗೆ ಸೈಕಲ್ಲು ತಳ್ಳಿಕೊಂಡು ಬಂದಳು.

ಮರುದಿನ ಬೆಳಗ್ಗೆ ಅವ್ವನಿಗೆ ಫೋನು ಮಾಡಿದೆ. ಇಲ್ಲಿಯ ಮಳೆ, ಬಿಸಿಲು ಎಂದು ಏನೇನೋ ಹೇಳಿದೆ. ಅವಳೇ, "ಯಾಕವಾ, ಆರಾಮಿಲ್ಲೇನ?" ಎಂದಳು.

"ಅವ್ವಾ, ಆ ಸಂದಿಯೊಳಗ ಬಾವಲಿ ಇರೂದು ನನಗ ಗೊತ್ತಿತ್ತು."

ಆ ಕಡೆ ಕುಕ್ಕರು ಒಂದು ಸಲ ಕೂಗಿತು.

"ನಾ ನಿನ್ನ ಕೇಳಿದ್ದೆ" ಎಂದಳು. "ಬಾಯಿಬಿಟ್ಟ ಕೇಳಿದ್ದೆ."

"ಹೂಂನವ್ವ."

"ಒಂದು ವರ್ಷ ಆತು, ನಾ ಒಂದೊಂದು ದಿನ ಉಣ್ಣಾಕ ಕುಂತಾಗ ಆ ಮರಿ ನೆನಪಾಗಿ ತಾಟು ಸರಿಸೇನಿ. ಗೊತ್ತೈತೇನ ನಿನಗ?"

"ಇಲ್ಲವ್ವ."

"ಥೂ, ಹೇಸಿ."

ಫೋನು ಇಟ್ಟಳೆಂದುಕೊಂಡೆ. ಇಟ್ಟಿರಲಿಲ್ಲ. ಕುಕ್ಕರು ಇನ್ನೆರಡು ಸಲ ಕೂಗಿತು.

"ಕೂಸಿಗೆ ಹಲ್ಲ ಎಷ್ಟ ಬಂದಾವ?" ಎಂದಳು.

"ನಾಕು."

"ಹೂಂ. ಇಡ ಫೋನ. ಬ್ಯಾಳಿ ಹೊತ್ತತೈತಿ."